ಕ್ಲಾಸಿನಲ್ಲಿ ನನಗೂ ಒಂದು ಜಾಗ ಇದೆ ಅನ್ನಿಸಬೇಕು: ಪಾಠ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನ ಒಂದು ಪದವಿ ಕಾಲೇಜಿನಲ್ಲಿ ಹದಿನೆಂಟು ವರ್ಷದಿಂದ ಕಾಮರ್ಸ್ ಪಾಠ ಮಾಡುತ್ತಿದ್ದೇನೆ. ಅದಕ್ಕೂ ಮುಂಚೆ ಪಿಯು ಕಾಲೇಜಿನಲ್ಲಿದ್ದೆ. ನಮ್ಮಲ್ಲಿ ಮಾಗಡಿ, ಕನಕಪುರ, ನೆಲಮಂಗಲದಿಂದ ದಿನಾ ಬಸ್ಸಿನಲ್ಲಿ ಬರುವವರಿದ್ದಾರೆ. ರಾಯಚೂರು, ಯಾದಗಿರಿ ಕಡೆಯಿಂದ ಬಂದು ಹಾಸ್ಟೆಲಿನಲ್ಲಿ ಇರುವವರಿದ್ದಾರೆ. ಮನೆಯಲ್ಲಿ ಉರ್ದು, ತೆಲುಗು, ತಮಿಳು ಮಾತಾಡುವ ಬೆಂಗಳೂರಿನವರೇ ಆದ ಮಕ್ಕಳೂ ಇದ್ದಾರೆ. ಹೊಸದಾಗಿ ಸೇರಿದ ಲೆಕ್ಚರರ್‌ಗಳು, ಹೈಸ್ಕೂಲಿನ ಮೇಷ್ಟ್ರು, ಮೇಡಂಗಳು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ನಾನು ಮನಶ್ಶಾಸ್ತ್ರ ಓದಿದವಳಲ್ಲ. ಕ್ಲಾಸಿನಲ್ಲಿ ನಿಂತು ಕಲಿತದ್ದು ಇದು. ತಪ್ಪು ಮಾಡಿ ಕಲಿತದ್ದೂ ಇದರಲ್ಲಿದೆ.

ನಾವು ಪಾಠ ಮಾಡೋರು. ಮಕ್ಕಳ ಮಾನಸಿಕ ಆರೋಗ್ಯ ನೋಡೋದು ನಮ್ಮ ಕೆಲಸನಾ?

ಚಿಕಿತ್ಸೆ ಕೊಡುವುದು ನಮ್ಮ ಕೆಲಸ ಅಲ್ಲ. ಕೊಡಲು ಹೋಗಲೂಬಾರದು. ಆದರೆ ಒಂದು ಮಗು ದಿನಕ್ಕೆ ಐದಾರು ಗಂಟೆ ನಮ್ಮ ಕಣ್ಣೆದುರು ಕೂತಿರುತ್ತದೆ. ಆ ಐದಾರು ಗಂಟೆ ಅದಕ್ಕೆ ಹೇಗೆ ಕಳೆಯುತ್ತದೆ ಅನ್ನುವುದು ಮಾತ್ರ ಪೂರ್ತಿ ನಮ್ಮ ಕೈಯಲ್ಲೇ ಇದೆ.

ನಿಮ್ಹಾನ್ಸ್ 2015-16ರಲ್ಲಿ ಮಾಡಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದ ಮಕ್ಕಳಲ್ಲಿ ಶೇ. 7.3ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. 60 ಮಕ್ಕಳ ಕ್ಲಾಸು ಅಂದರೆ ಲೆಕ್ಕಕ್ಕೆ ನಾಲ್ಕು ಜನ. ಆ ನಾಲ್ವರು ಯಾರು ಅಂತ ನಮಗೆ ಗೊತ್ತಿರುವುದಿಲ್ಲ. ಹಾಗಾಗಿ ನಾನು ಅರವತ್ತೂ ಜನರ ಜೊತೆ ಆ ನಾಲ್ವರ ಜೊತೆ ನಡೆದುಕೊಳ್ಳಬೇಕಾದ ಹಾಗೇ ನಡೆದುಕೊಳ್ಳಲು ನೋಡುತ್ತೇನೆ. ಉಳಿದ ಐವತ್ತಾರು ಜನಕ್ಕೆ ಅದರಿಂದ ನಷ್ಟ ಏನೂ ಇಲ್ಲ, ಅಲ್ವಾ?

‘ಇದು ನನ್ನ ಜಾಗ’ ಅನ್ನಿಸೋದಕ್ಕೂ ಓದಿಗೂ ಏನು ಸಂಬಂಧ?

ಹೊಸ ಊರಿನ ಮದುವೆ ಮನೆಗೆ ಒಬ್ಬರೇ ಹೋಗಿದ್ದೀರಿ ಅಂದುಕೊಳ್ಳಿ. ಯಾರೂ ಮಾತಾಡಿಸುತ್ತಿಲ್ಲ. ಊಟದ ಪಂಕ್ತಿಯಲ್ಲಿ ಎಲ್ಲಿ ಕೂರಬೇಕು ಗೊತ್ತಿಲ್ಲ. ಆಗ ಊಟದ ರುಚಿ ನೆನಪಿರುತ್ತಾ? ಯಾರು ನನ್ನನ್ನು ನೋಡುತ್ತಿದ್ದಾರೆ ಅನ್ನುವುದರ ಮೇಲೇ ಗಮನ ಇರುತ್ತದೆ. ಕ್ಲಾಸಿನಲ್ಲಿ ಹೊರಗಿನವನ ಹಾಗೆ ಕೂತ ಹುಡುಗನ ಸ್ಥಿತಿಯೂ ಅದೇ. ಅರ್ಧ ತಲೆ ಪಾಠದಲ್ಲಿ, ಅರ್ಧ ತಲೆ ‘ನಾನು ಇಲ್ಲಿ ಸರಿ ಹೋಗ್ತೀನಾ’ ಅನ್ನುವುದರಲ್ಲಿ.

ಗ್ರೆಗರಿ ವಾಲ್ಟನ್, ಜೆಫ್ರಿ ಕೊಹೆನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಅಮೆರಿಕದ ಒಂದು ಕಾಲೇಜಿನಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದರು. ಹೊಸದಾಗಿ ಸೇರಿದ ವಿದ್ಯಾರ್ಥಿಗಳಿಗೆ ಸುಮಾರು ಒಂದು ಗಂಟೆ ಸೀನಿಯರ್‌ಗಳ ಅನುಭವ ಓದಿಸಿದರು. ಮೊದಲ ವರ್ಷ ಎಲ್ಲರಿಗೂ ಇಲ್ಲಿ ಪರಕೀಯ ಅನ್ನಿಸುತ್ತದೆ, ದಿನ ಕಳೆದ ಹಾಗೆ ಕಡಿಮೆ ಆಗುತ್ತದೆ, ಇಷ್ಟೇ ಅದರ ಸಾರ. ಆಮೇಲೆ ವಿದ್ಯಾರ್ಥಿಗಳು ಅದನ್ನೇ ತಮ್ಮ ಮಾತಿನಲ್ಲಿ ಬರೆದರು. ಮುಂದಿನ ಮೂರು ವರ್ಷದಲ್ಲಿ ಕಪ್ಪು ವಿದ್ಯಾರ್ಥಿಗಳ ಅಂಕ ಏರುತ್ತಾ ಹೋಯಿತು. ಬಿಳಿಯ ವಿದ್ಯಾರ್ಥಿಗಳಿಗೂ ಅವರಿಗೂ ಇದ್ದ ಅಂತರ ಅರ್ಧಕ್ಕೆ ಇಳಿಯಿತು. ಇದು 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು.

ಅಲ್ಲಿಯದನ್ನು ತಂದು ಇಲ್ಲಿ ಹಾಗೇ ಅಂಟಿಸಲು ಆಗುವುದಿಲ್ಲ. ಆದರೆ ನಮ್ಮ ಮಕ್ಕಳ ಅನುಮಾನವೂ ಇದೇ ಜಾತಿಯದು. ‘ಎಲ್ಲರಿಗೂ ಗೊತ್ತು, ನನಗೊಬ್ಬನಿಗೇ ಗೊತ್ತಿಲ್ಲ’ ಅಂತ ಪ್ರತಿಯೊಬ್ಬನೂ ಅಂದುಕೊಂಡು ಸುಮ್ಮನೆ ಕೂತಿರುತ್ತಾನೆ.

ಒಂದೊಂದು ಸೆಕ್ಷನ್‌ನಲ್ಲಿ 80 ಜನ ಇದ್ದಾರೆ. ಎಲ್ಲರ ಹೆಸರು ನೆನಪಿಡೋಕೆ ಆಗುತ್ತಾ?

ಆಗುತ್ತದೆ, ಆದರೆ ಒಂದೇ ವಾರದಲ್ಲಿ ಅಲ್ಲ. ನಾನು ಮಾಡುವುದು ಇಷ್ಟು. ಮೊದಲ ತಿಂಗಳು ರೋಲ್ ನಂಬರ್ ಕೂಗುವುದಿಲ್ಲ, ಹೆಸರೇ ಕೂಗುತ್ತೇನೆ. ಕೂಗಿದ ಮೇಲೆ ಮುಖ ನೋಡುತ್ತೇನೆ. ನಾಲ್ಕು ನಿಮಿಷ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ. ದಿನಕ್ಕೆ ಐದು ಹೆಸರು ಅಂತ ಗುರಿ ಇಟ್ಟುಕೊಂಡರೆ ಹದಿನಾರು ಕ್ಲಾಸಿಗೆ ಎಂಬತ್ತು ಹೆಸರು ಬಂತು. ಹಿಂದಿನ ಬೆಂಚಿನಿಂದ ಶುರು ಮಾಡಿ. ಮುಂದೆ ಕೂರುವವರ ಹೆಸರು ತಾನಾಗಿಯೇ ಬರುತ್ತದೆ.

ಹೆಸರನ್ನು ಅವರ ಮನೆಯಲ್ಲಿ ಕರೆಯುವ ಹಾಗೇ ಹೇಳಿ. ‘ಮುನಿಯಮ್ಮ’, ‘ಸಾಬಣ್ಣ’ ಅನ್ನುವ ಹೆಸರು ಕೂಗಿದಾಗ ಕ್ಲಾಸಿನಲ್ಲಿ ಕಿಸಕ್ಕನೆ ನಗು ಬರುವುದು ನಾನು ಕಂಡಿದ್ದೇನೆ. ಆ ಹೆಸರನ್ನು ನೀವು ಗೌರವದಿಂದ, ನಿಧಾನವಾಗಿ, ಪೂರ್ತಿಯಾಗಿ ಕೂಗಿದರೆ ನಗು ಎರಡನೇ ವಾರಕ್ಕೆ ನಿಲ್ಲುತ್ತದೆ. ‘ಏ ಕನ್ನಡಕ’, ‘ಏ ಉದ್ದ’, ‘ಬುರ್ಖಾ ಹಾಕಿರೋರು’ ಅಂತ ಕರೆಯುವುದು ಬೇಡ. ಊರು ಕೇಳಿ. ಆದರೆ ‘ನೀವು ಯಾವ ಪೈಕಿ’ ಅನ್ನುವ ಪ್ರಶ್ನೆ ಅಪ್ಪಿತಪ್ಪಿಯೂ ಬರಬಾರದು. ಸ್ಕಾಲರ್‌ಶಿಪ್ ಅರ್ಜಿಗೆ ಬೇಕಾದರೆ ಆಫೀಸಿನಲ್ಲಿ, ಒಬ್ಬೊಬ್ಬರನ್ನೇ ಕರೆದು ಕೇಳಬಹುದು. ‘ಎಸ್‌ಸಿ ಎಸ್‌ಟಿ ಅವರು ಎದ್ದು ನಿಲ್ಲಿ’ ಅಂತ ತುಂಬಿದ ಕ್ಲಾಸಿನಲ್ಲಿ ಹೇಳುವುದು ಇವತ್ತಿಗೂ ನಡೆಯುತ್ತದೆ. ಹಾಗೆ ಎದ್ದು ನಿಂತ ಮಗುವಿಗೆ ಆಮೇಲೆ ಎಷ್ಟು ಕಾರ್ಯಕ್ರಮ ಮಾಡಿದರೂ ಆ ಒಂದು ನಿಮಿಷ ಮರೆಯುವುದಿಲ್ಲ.

ಉತ್ತರ ಕರ್ನಾಟಕದ ಹುಡುಗರು ಮಾತಾಡಿದರೆ ಕ್ಲಾಸೇ ನಗುತ್ತೆ. ಏನು ಮಾಡೋದು?

ಇದಕ್ಕೆ ನನ್ನದೇ ಒಂದು ತಪ್ಪು ಹೇಳಬೇಕು.

ಕೆಲವು ವರ್ಷದ ಹಿಂದೆ, ಮೊದಲ ಸೆಮಿಸ್ಟರಿನ ಮೂರನೇ ವಾರ. ಬೋರ್ಡಿನ ಮೇಲೆ ಬ್ಯಾಲೆನ್ಸ್ ಶೀಟ್ ಲೆಕ್ಕ ಕೊಟ್ಟಿದ್ದೆ. ರಾಯಚೂರು ಜಿಲ್ಲೆಯಿಂದ ಬಂದ ಹುಡುಗ ಕಿಟಕಿ ಪಕ್ಕದಲ್ಲಿ ಕೂತಿದ್ದ. ಅದುವರೆಗೆ ಬಾಯಿ ಬಿಟ್ಟಿರಲಿಲ್ಲ. ಅವತ್ತು ಕೈ ಎತ್ತಿ, ‘ಮೇಡಂ, ಟ್ಯಾಲಿ ಆಗವಲ್ದ್ರೀ’ ಅಂದ. ಕ್ಲಾಸು ನಕ್ಕಿತು. ಯಾರೋ ಹಿಂದಿನಿಂದ ‘ಆಗವಲ್ದ್ರೀ, ಆಗವಲ್ದ್ರೀ’ ಅಂತ ಅಣಕಿಸಿದರು. ನಾನೂ ಒಂದು ಚೂರು ನಕ್ಕೆ. ಕೆಟ್ಟ ಮನಸ್ಸಿನಿಂದ ಅಲ್ಲ. ಆ ಮಾತು ಕಿವಿಗೆ ಚೆಂದ ಕೇಳಿಸಿತ್ತು. ಆದರೆ ಅವನು ನೋಡಿದ್ದು ಮೇಡಂ ಕೂಡ ನಕ್ಕರು ಅನ್ನುವುದನ್ನು. ಪುಸ್ತಕ ಮುಚ್ಚಿದ. ಪೆನ್ನಿನ ಕ್ಯಾಪ್ ಹಾಕಿದ. ಡಿಸೆಂಬರ್‌ವರೆಗೆ ನನ್ನ ಕ್ಲಾಸಿನಲ್ಲಿ ಅವನ ದನಿ ಕೇಳಲಿಲ್ಲ.

ಮೂರು ತಿಂಗಳ ಮೇಲೆ ಗೊತ್ತಾಯಿತು, ಅವತ್ತು ಬೋರ್ಡಿನ ಮೇಲೆ ಒಂದು ಅಂಕಿಯನ್ನು ನಾನೇ ತಪ್ಪು ಬರೆದಿದ್ದೆ. ಅವನು ಹೇಳಿದ್ದು ಸರಿ ಇತ್ತು.

ಅವನನ್ನು ಕರೆದು ತಪ್ಪಾಯಿತು ಅಂದೆ. ಅವನು ತಲೆ ತಗ್ಗಿಸಿಕೊಂಡು ‘ಇರಲಿ ಬಿಡ್ರಿ ಮೇಡಂ’ ಅಂದ. ಸ್ಟಾಫ್ ರೂಮಿನಲ್ಲಿ ಹೇಳಿದ್ದು ಸಾಲದು ಅನ್ನಿಸಿತು, ಏಕೆಂದರೆ ನಕ್ಕದ್ದು ಎಲ್ಲರೆದುರು. ಮಾರನೇ ದಿನ ಕ್ಲಾಸಿನಲ್ಲೇ, ಅವನನ್ನು ಎಬ್ಬಿಸಿ ನಿಲ್ಲಿಸದೆ, ‘ಆ ಲೆಕ್ಕ ತಪ್ಪಿತ್ತು, ಇವನು ಹೇಳಿದ್ದ, ನಾನು ಕೇಳಿಸಿಕೊಳ್ಳಲಿಲ್ಲ’ ಅಂತ ಹೇಳಿ ಬೋರ್ಡಿನ ಮೇಲೆ ತಿದ್ದಿದೆ.

ಈಗ ನಾನು ಮಾಡುವುದು ಏನೆಂದರೆ, ನಗು ಬಂದ ಕೂಡಲೇ ನಗುವವರಿಗೆ ಬೈಯುವುದಿಲ್ಲ. ಬೈದರೆ ಎಲ್ಲರ ಕಣ್ಣು ಮತ್ತೆ ಆ ಹುಡುಗನ ಮೇಲೆ. ಮಾತಾಡಿದವನ ಕಡೆಯೇ ತಿರುಗಿ, ಅವನು ಹೇಳಿದ ವಿಷಯ ಹಿಡಿದುಕೊಂಡು ಮುಂದೆ ಹೋಗುತ್ತೇನೆ: ‘ಹೌದು, ಟ್ಯಾಲಿ ಆಗುತ್ತಿಲ್ಲ. ಎಲ್ಲಿ ತಪ್ಪಿರಬಹುದು ಹೇಳು.’ ಅಣಕಿಸಿದವರನ್ನು ಕ್ಲಾಸ್ ಮುಗಿದ ಮೇಲೆ ಕರೆದು ಮಾತಾಡುತ್ತೇನೆ. ಅವರಲ್ಲೂ ಹೆಚ್ಚಿನವರು ಬೆಂಗಳೂರಿಗೆ ಎರಡು ತಲೆಮಾರಿನ ಹಿಂದೆ ಬಂದವರೇ. ನಿಮ್ಮ ಅಜ್ಜಿ ಹೇಗೆ ಮಾತಾಡುತ್ತಿದ್ದರು ಅಂತ ಕೇಳಿದರೆ ಮುಖ ಮೆತ್ತಗಾಗುತ್ತದೆ.

ಮಂಗಳೂರು ಕಡೆಯ ಕನ್ನಡಕ್ಕೂ, ಮನೆಮಾತು ಉರ್ದು ಇರುವ ಮಕ್ಕಳ ಕನ್ನಡಕ್ಕೂ ಇದೇ ನಿಯಮ.

ಕನ್ನಡ ಮೀಡಿಯಂನಿಂದ ಬಂದವರು ಇಂಗ್ಲಿಷ್ ಪಾಠದಲ್ಲಿ ಮೌನವಾಗಿ ಕೂರುತ್ತಾರೆ. ಅದು ಡಿಪ್ರೆಶನ್ನಾ?

ಬಹಳ ಸಲ ಅಲ್ಲ. ಅದು ಹೆದರಿಕೆ. ಆದರೆ ಆ ಹೆದರಿಕೆಯನ್ನು ಎರಡು ವರ್ಷ ಹಾಗೇ ಬಿಟ್ಟರೆ ಅದು ಬೇರೆ ಏನೋ ಆಗಬಹುದು. ಎಸ್‌ಎಸ್‌ಎಲ್‌ಸಿಯಲ್ಲಿ ಊರಿಗೇ ಮೊದಲು ಬಂದ ಹುಡುಗಿ ಇಲ್ಲಿ ಮೊದಲ ಇಂಟರ್ನಲ್ಸ್‌ನಲ್ಲಿ 20ಕ್ಕೆ 6 ತೆಗೆದಾಗ ‘ನಾನು ದಡ್ಡಿ’ ಅಂದುಕೊಳ್ಳುತ್ತಾಳೆ. ‘ನನಗೆ ಭಾಷೆ ಹೊಸದು’ ಅಂತ ಅಂದುಕೊಳ್ಳುವುದಿಲ್ಲ. ಆ ವ್ಯತ್ಯಾಸ ಅವಳಿಗೆ ಹೇಳಬೇಕಾದವರು ನಾವು.

ನಾನು ಬೋರ್ಡಿನ ಎಡಗಡೆ ಒಂದು ಪಟ್ಟಿ ಬಿಟ್ಟಿರುತ್ತೇನೆ. ಅವತ್ತಿನ ಪಾಠದ ನಾಲ್ಕೈದು ಇಂಗ್ಲಿಷ್ ಪದ, ಎದುರಿಗೆ ಕನ್ನಡ. ಡಿಪ್ರಿಸಿಯೇಶನ್ ಅಂದರೆ ಸವಕಳಿ. ಹಳೇ ಚಪ್ಪಲಿ ಸವೆಯುವುದು ಎಲ್ಲರಿಗೂ ಗೊತ್ತು. ಲಾರಿಗೆ ಸವಕಳಿ ಯಾಕೆ ಹಾಕಬೇಕು ಅಂತ ಆಮೇಲೆ ವಿವರಿಸುವ ಅಗತ್ಯವೇ ಬರುವುದಿಲ್ಲ. ಪ್ರಶ್ನೆ ಕೇಳಿದಾಗ ‘ಮೊದಲು ನಿನ್ನ ಮಾತಲ್ಲಿ ಹೇಳು, ಆಮೇಲೆ ಇಬ್ಬರೂ ಸೇರಿ ಇಂಗ್ಲಿಷ್ ಮಾಡೋಣ’ ಅನ್ನುತ್ತೇನೆ. ಪರೀಕ್ಷೆ ಇಂಗ್ಲಿಷಿನಲ್ಲಿದ್ದರೆ ಇಂಗ್ಲಿಷ್ ಕಲಿಯಲೇಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಆದರೆ ಯೋಚನೆ ಮಾಡಲು ಇಂಗ್ಲಿಷಿಗಾಗಿ ಕಾಯಬೇಕಿಲ್ಲ.

ತಪ್ಪು ಉತ್ತರ ಬಂದಾಗ ಏನು ಹೇಳಬೇಕು?

‘ತಪ್ಪು’ ಅಂತಲೇ ಹೇಳಿ, ಸುಳ್ಳು ಹೊಗಳಿಕೆ ಬೇಡ. ಆದರೆ ಅಲ್ಲಿಗೆ ಬಿಟ್ಟು ಮುಂದಿನವರ ಕಡೆ ಹೋಗಬೇಡಿ. ‘ಇಲ್ಲಿವರೆಗೆ ಸರಿ ಬಂದೆ, ಈ ಹೆಜ್ಜೆಯಲ್ಲಿ ಜಾರಿದೆ’ ಅಂತ ತೋರಿಸಿ. ನಿಂತವನು ಕೂರುವಷ್ಟರಲ್ಲಿ ಅವನ ಬಾಯಿಂದಲೇ ಒಂದು ಸರಿ ಮಾತು ಬಂದಿರಬೇಕು.

ಟೆಸ್ಟ್ ಪೇಪರ್ ಕೊಡುವಾಗ ಮಾರ್ಕ್ಸ್ ಓದಿ ಹೇಳಬಹುದಾ? ಸ್ವಲ್ಪ ನಾಚಿಕೆ ಆದ್ರೆ ಓದ್ತಾರೆ ಅಂತಾರೆ.

ಬೇಡ. ದಯವಿಟ್ಟು ಬೇಡ. ನಾಚಿಕೆಯಿಂದ ಓದಿದವರನ್ನು ಬೆರಳೆಣಿಕೆಯಷ್ಟು ನೋಡಿರಬಹುದು. ನಾಚಿಕೆಯಿಂದ ಕ್ಲಾಸಿಗೆ ಬರುವುದನ್ನೇ ಬಿಟ್ಟವರನ್ನು ನಾನು ಬಹಳ ನೋಡಿದ್ದೇನೆ.

ಶಾಲೆಗಳ ಮಟ್ಟಿಗೆ ಕಾನೂನೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನು ಮಾತ್ರ ನಿಷೇಧಿಸಿಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಜುಲೈ 2025ರಲ್ಲಿ ಸುಪ್ರೀಂ ಕೋರ್ಟ್ ಎಲ್ಲಾ ಶಿಕ್ಷಣ ಸಂಸ್ಥೆಗಳಿಗೆ, ಕೋಚಿಂಗ್ ಸೆಂಟರ್‌ಗಳಿಗೆ ಕೊಟ್ಟ ಮಾರ್ಗಸೂಚಿಯಲ್ಲೂ ಅಂಕ ನೋಡಿ ಬ್ಯಾಚ್ ಬೇರೆ ಮಾಡುವುದು, ಎಲ್ಲರೆದುರು ಅವಮಾನ ಮಾಡುವುದು ಆದಷ್ಟು ಇರಬಾರದು ಅಂತ ಹೇಳಿದೆ.

ಪೇಪರನ್ನು ಮಡಿಸಿ, ಮಾರ್ಕ್ಸ್ ಒಳಗಡೆ ಇರುವ ಹಾಗೆ ಕೊಡಿ. ಕಡಿಮೆ ಬಂದವರ ಪೇಪರಿನಲ್ಲಿ ಒಂದು ಸಾಲು ಜಾಸ್ತಿ ಬರೆಯಿರಿ. ಬರೀ ಕೆಂಪು ಗೀಟು ನೋಡಿದರೆ ‘ಇವರಿಗೆ ನನ್ನ ಕಂಡರೆ ಆಗಲ್ಲ’ ಅಂತ ಓದಿಕೊಳ್ಳುವ ಮಕ್ಕಳಿದ್ದಾರೆ. ಡೇವಿಡ್ ಯೇಗರ್, ಕೊಹೆನ್ ಮತ್ತು ಜೊತೆಗಾರರು 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ‘ನಿನ್ನ ಮೇಲೆ ನನಗೆ ದೊಡ್ಡ ನಿರೀಕ್ಷೆ ಇದೆ, ನಿನ್ನಿಂದ ಅದು ಆಗುತ್ತದೆ ಅಂತಲೂ ಗೊತ್ತು, ಅದಕ್ಕೇ ಇಷ್ಟು ತಿದ್ದಿದ್ದೇನೆ’ ಅನ್ನುವ ಅರ್ಥದ ಚೀಟಿ ಇದ್ದ ಮಕ್ಕಳು ಪ್ರಬಂಧವನ್ನು ಮತ್ತೆ ತಿದ್ದಿ ತರುವುದು ಹೆಚ್ಚಾಯಿತು. ಮೇಷ್ಟ್ರ ಮೇಲೆ ನಂಬಿಕೆ ಕಡಿಮೆ ಇದ್ದ ಮಕ್ಕಳಲ್ಲೇ ಪರಿಣಾಮ ಜಾಸ್ತಿ ಕಂಡಿತು. ನಾನು ಬರೆಯುವುದು ಇಷ್ಟುದ್ದ ಅಲ್ಲ. ‘ಮೂರನೇ ಲೆಕ್ಕದ ದಾರಿ ಸರಿ ಇದೆ. ಶುಕ್ರವಾರ ಬಂದು ಕಾಣು, ಒಟ್ಟಿಗೆ ಮಾಡೋಣ.’ ಶುಕ್ರವಾರ ಬರುತ್ತಾರೆ. ಎಲ್ಲರೂ ಅಲ್ಲ, ಆದರೆ ಬರುತ್ತಾರೆ.

ಅಟೆಂಡೆನ್ಸ್ ಶಾರ್ಟೇಜ್ ಇರುವವರ ಜೊತೆ ಹೇಗೆ ಮಾತಾಡೋದು?

‘ಶಾರ್ಟೇಜ್ ಬಂದಿದೆ, ಪರೀಕ್ಷೆಗೆ ಕೂರಿಸಲ್ಲ’ ಅಂತ ಶುರು ಮಾಡಿದರೆ ಉತ್ತರ ಒಂದೇ: ‘ಸಾರಿ ಮೇಡಂ.’ ಅಲ್ಲಿಗೆ ಮಾತು ಮುಗಿಯಿತು. ‘ಎರಡು ವಾರದಿಂದ ಕಾಣಿಸಲಿಲ್ಲ, ಏನಾಯ್ತಮ್ಮಾ?’ ಅಂದರೆ ಬೇರೆ ಉತ್ತರ ಬರುತ್ತದೆ.

ಬಂದ ಉತ್ತರಗಳು ಕೆಲವು ಹೇಳುತ್ತೇನೆ. ರಾತ್ರಿ ಹನ್ನೆರಡರವರೆಗೆ ಬೈಕಿನಲ್ಲಿ ಊಟ ಡೆಲಿವರಿ ಮಾಡಿ ಬೆಳಗ್ಗೆ ಏಳಲು ಆಗದವನು. ಅಮ್ಮ ಗಾರ್ಮೆಂಟ್ಸ್ ಕೆಲಸಕ್ಕೆ ಹೋದ ಮೇಲೆ ಲಕ್ವ ಹೊಡೆದ ಅಜ್ಜಿಯನ್ನು ನೋಡಿಕೊಳ್ಳುವವಳು. ಪಿಜಿಗೆ ದುಡ್ಡು ಕಟ್ಟಲಾಗದೆ ಊರಿಗೆ ಹೋಗಿ ಕೂತವನು. ಸುಮ್ನೆ ಸಿನಿಮಾಕ್ಕೆ ಹೋದವರೂ ಇದ್ದಾರೆ, ಅದು ಮಾತಾಡುವಾಗಲೇ ತಿಳಿಯುತ್ತದೆ. ನಿಯಮ ನಿಯಮವೇ. ಆದರೆ ಕಾರಣ ಗೊತ್ತಾದರೆ ಯಾವ ಕ್ಲಾಸನ್ನು ಹೇಗೆ ತುಂಬಿಕೊಡುವುದು ಅಂತ ಕೂತು ಲೆಕ್ಕ ಹಾಕಬಹುದು. ಸೆಮಿಸ್ಟರ್ ಕೊನೆಯಲ್ಲಿ ಪಟ್ಟಿ ಅಂಟಿಸುವುದಕ್ಕಿಂತ ನಾಲ್ಕನೇ ವಾರದಲ್ಲೇ ಕೇಳುವುದು ವಾಸಿ.

ಯಾವ ಲಕ್ಷಣ ಕಂಡರೆ ಹುಷಾರಾಗಬೇಕು?

ಲಕ್ಷಣಕ್ಕಿಂತ ಬದಲಾವಣೆ ನೋಡಿ. ಮೊದಲಿನಿಂದಲೂ ಮಾತು ಕಡಿಮೆ ಇರುವವನು ಸುಮ್ಮನಿದ್ದರೆ ಅದು ಅವನ ಸ್ವಭಾವ. ಬಾಯಿ ಮುಚ್ಚದವನು ಸುಮ್ಮನಾದರೆ ಕೇಳಿ. ನೋಟ್ಸ್ ಚೊಕ್ಕಟವಾಗಿ ಬರೆಯುತ್ತಿದ್ದವಳ ಪುಸ್ತಕ ಖಾಲಿ ಇದ್ದರೆ, ಜೊತೆಗೆ ಟಿಫನ್ ಬಾಕ್ಸ್ ತೆರೆಯುತ್ತಿದ್ದ ಗುಂಪಿನಿಂದ ಒಬ್ಬಳು ಬೇರೆಯಾಗಿ ಕೂತರೆ, ಸಣ್ಣದಕ್ಕೆಲ್ಲ ಸಿಡುಕಿದರೆ, ಸೆಕೆಯಲ್ಲೂ ಪೂರ್ತಿ ತೋಳು ಬಿಟ್ಟು ಕೈ ಮುಚ್ಚಿಕೊಂಡಿದ್ದರೆ, ತನಗೆ ಇಷ್ಟವಾದ ವಸ್ತುಗಳನ್ನು ಕಾರಣ ಇಲ್ಲದೆ ಹಂಚಿದರೆ ಒಂದು ಸಲ ಕರೆದು ಮಾತಾಡಿಸಿ. ಇದರಲ್ಲಿ ಒಂದೊಂದಕ್ಕೂ ಸಾಮಾನ್ಯ ಕಾರಣ ಇರಬಹುದು. ಕೇಳಿದರೆ ನಷ್ಟ ಇಲ್ಲ.

ಕೇಳುವುದು ಕಾರಿಡಾರಿನಲ್ಲಿ, ನಡೆಯುತ್ತಾ, ಮೆಲ್ಲಗೆ. ಸ್ಟಾಫ್ ರೂಮಿಗೆ ಕರೆಸಿ ಎಂಟು ಜನ ಲೆಕ್ಚರರ್‌ಗಳ ಮಧ್ಯೆ ನಿಲ್ಲಿಸಿ ಅಲ್ಲ.

ವಿದ್ಯಾರ್ಥಿ ‘ಬದುಕೋದೇ ಬೇಡ ಅನ್ಸುತ್ತೆ ಮೇಡಂ’ ಅಂದರೆ?

ಮೊದಲ ಸಲ ಈ ಮಾತು ಕೇಳಿದಾಗ ನನ್ನ ಎದೆ ಧಸಕ್ ಅಂದಿತು. ‘ಹಾಗೆಲ್ಲ ಮಾತಾಡಬಾರದು ಕಣಮ್ಮ’ ಅಂದುಬಿಟ್ಟೆ. ಅದು ತಪ್ಪು ಉತ್ತರ. ಅವಳು ಬಾಗಿಲು ತೆರೆದಿದ್ದಳು, ನಾನು ಹೆದರಿ ಮುಚ್ಚಿದೆ. ಅದೃಷ್ಟಕ್ಕೆ ಅವಳು ಇನ್ನೊಂದು ಸಲ ಬಂದಳು.

ಕೂರಿಸಿ. ನೀರು ಕೊಡಿ. ಫೋನ್ ಮುಖ ಕೆಳಗೆ ಮಾಡಿ ಇಡಿ. ‘ಹೇಳಿದ್ದು ಒಳ್ಳೆಯದಾಯ್ತು’ ಅನ್ನಿ. ಆಮೇಲೆ ನೇರವಾಗಿ ಕೇಳಿ: ‘ಸಾಯಬೇಕು ಅಂತ ಯೋಚನೆ ಬರ್ತಿದೆಯಾ? ಹೇಗೆ ಅಂತಲೂ ಯೋಚಿಸಿದ್ದೀಯಾ?’ ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಅಂತ ಬಹಳ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದರೆ ಎಷ್ಟೋ ಮಕ್ಕಳಿಗೆ ಭಾರ ಇಳಿದ ಹಾಗೆ ಆಗುತ್ತದೆ. ‘ನಿನ್ನ ಅಪ್ಪ ಅಮ್ಮನ ಬಗ್ಗೆ ಯೋಚಿಸು’, ‘ನಿನಗಿಂತ ಕಷ್ಟದಲ್ಲಿ ಇರೋರನ್ನ ನೋಡು’ ಅನ್ನುವ ಮಾತು ಬೇಡ. ಅವರು ಅದನ್ನೆಲ್ಲ ಯೋಚಿಸಿ, ತಮ್ಮನ್ನೇ ಬೈದುಕೊಂಡು, ಆಮೇಲೆ ನಿಮ್ಮ ಹತ್ತಿರ ಬಂದಿರುತ್ತಾರೆ.

ಯೋಚನೆ ಇದೆ, ದಾರಿಯನ್ನೂ ಯೋಚಿಸಿದ್ದಾರೆ ಅಂತ ಗೊತ್ತಾದರೆ ಒಂದು ನಿಮಿಷವೂ ಒಬ್ಬರನ್ನೇ ಬಿಡಬೇಡಿ. ಮುಂದಿನ ಕ್ಲಾಸು ಬೇರೆಯವರು ತೆಗೆದುಕೊಳ್ಳಲಿ. ಮನೆಯವರನ್ನು ಕರೆಸಿ. ಮನೆಯವರಿಂದಲೇ ಅಪಾಯ ಇದೆ ಅಂತ ಮಗು ಹೇಳಿದರೆ, ಅದು ನಂಬುವ ಬೇರೆ ದೊಡ್ಡವರನ್ನು ಕರೆಸಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ತುರ್ತು ವಿಭಾಗ 24 ಗಂಟೆಯೂ ಇದೆ. ದಾರಿ ಕೇಳಲು, ಏನು ಮಾಡಬೇಕು ಅಂತ ಕೇಳಲು ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ನೀವೇ ಫೋನ್ ಮಾಡಬಹುದು. ಪ್ರಾಣಕ್ಕೆ ಅಪಾಯ ಇದ್ದರೆ 112.

ಪೊಲೀಸ್ ಕೇಸ್ ಆಗುತ್ತೆ ಅಂತ ಕಾಲೇಜುಗಳು ಮುಚ್ಚಿಡುತ್ತವೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು. ಅವರನ್ನು ಶಿಕ್ಷಿಸುವ ಹಾಗಿಲ್ಲ. ಆರೈಕೆ ಕೊಡುವುದು ಸರ್ಕಾರದ ಹೊಣೆ.

‘ಯಾರಿಗೂ ಹೇಳಬೇಡಿ’ ಅಂತ ಮಾತು ತೆಗೆದುಕೊಂಡರೆ?

ಆ ಮಾತು ಕೊಡಬೇಡಿ. ‘ನಿನಗಾಗಲಿ ಇನ್ನೊಬ್ಬರಿಗಾಗಲಿ ಅಪಾಯ ಇಲ್ಲದಿದ್ದರೆ ನನ್ನಲ್ಲೇ ಇರುತ್ತೆ. ಅಪಾಯ ಇದ್ದರೆ ಒಬ್ಬರಿಗೆ ಹೇಳಬೇಕಾಗುತ್ತೆ, ಯಾರಿಗೆ ಅಂತ ನಿನ್ನನ್ನು ಕೇಳಿಯೇ ಹೇಳುತ್ತೇನೆ’ ಅಂತ ಮೊದಲೇ ತಿಳಿಸಿ. 18 ವರ್ಷದೊಳಗಿನ ಮಗು ಲೈಂಗಿಕ ದೌರ್ಜನ್ಯದ ವಿಷಯ ಹೇಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಪಿಯು ಮಕ್ಕಳೂ ಹೆಚ್ಚಿನವರು 18ರ ಒಳಗಿನವರೇ ಅನ್ನುವುದು ನೆನಪಿರಲಿ. ಮಕ್ಕಳ ಸಹಾಯವಾಣಿ 1098.

ಇನ್ನೊಂದು. ಕೇಳಿದ್ದನ್ನು ಸ್ಟಾಫ್ ರೂಮಿನಲ್ಲಿ ಕಾಫಿ ಕುಡಿಯುತ್ತಾ ಹೇಳಬಾರದು. ‘ಪಾಪ ಆ ಹುಡುಗಿಗೆ’ ಅಂತ ಕರುಣೆಯಿಂದ ಹೇಳಿದರೂ ಅದು ಸಂಜೆಯೊಳಗೆ ಕ್ಯಾಂಟೀನ್ ತಲುಪಿರುತ್ತದೆ.

ಮನೆಯವರು ‘ನಮ್ಮ ಮಗನಿಗೆ ಹುಚ್ಚು ಅಂತೀರಾ?’ ಅಂತ ಜಗಳಕ್ಕೆ ಬರುತ್ತಾರೆ.

ಬರುತ್ತಾರೆ, ಏಕೆಂದರೆ ಹೆದರಿರುತ್ತಾರೆ. ‘ಮಾನಸಿಕ’ ಅನ್ನುವ ಪದದಿಂದ ಶುರು ಮಾಡಬೇಡಿ. ನಿದ್ದೆ, ಊಟ, ಓದು, ಇಲ್ಲಿಂದ ಶುರು ಮಾಡಿ. ‘ಅಣ್ಣಾ, ಇವನು ರಾತ್ರಿ ನಿದ್ದೆ ಮಾಡ್ತಾನಾ? ಮನೇಲಿ ಊಟ ಸರಿಯಾಗಿ ಮಾಡ್ತಿದ್ದಾನಾ?’ ಅಂದರೆ ಅಪ್ಪ ತಾನಾಗಿಯೇ ಹೇಳಲು ಶುರು ಮಾಡುತ್ತಾರೆ. ಮಗನ ಒಂದು ಒಳ್ಳೆಯ ಗುಣ ಮೊದಲು ಹೇಳಿ. ಎಷ್ಟೋ ಅಪ್ಪಂದಿರಿಗೆ ಕಾಲೇಜಿನಿಂದ ಬರುವ ಫೋನ್ ಅಂದರೆ ದೂರು ಅಂತಲೇ ಅರ್ಥ.

ದೇವಸ್ಥಾನಕ್ಕೆ, ದರ್ಗಾಕ್ಕೆ ಕರೆದುಕೊಂಡು ಹೋಗಿದ್ದೇವೆ ಅಂದರೆ ಹೀಗಳೆಯಬೇಡಿ. ‘ಅದೂ ಆಗಲಿ, ಡಾಕ್ಟರಿಗೂ ಒಂದು ಸಲ ತೋರಿಸಿ’ ಅನ್ನಿ. ನಿಮ್ಹಾನ್ಸ್ ಹೆಸರು ಕೇಳಿದರೇ ಹಿಂಜರಿಯುವವರಿಗೆ ಮೊದಲು ಫೋನಿನಲ್ಲಿ ಮಾತಾಡಿಸುವುದು ಸುಲಭ.

ನಮ್ಮ ಕಾಲೇಜಿನಲ್ಲಿ ಕೌನ್ಸೆಲರ್ ಇಲ್ಲ.

ಇರಬೇಕು. ಮೇಲೆ ಹೇಳಿದ ಸುಪ್ರೀಂ ಕೋರ್ಟ್ ಮಾರ್ಗಸೂಚಿಯಂತೆ 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ತರಬೇತಿ ಪಡೆದ ಒಬ್ಬ ಕೌನ್ಸೆಲರ್ ಆದರೂ ಇರಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲ ತರಬೇತಿ ಆಗಬೇಕು. ಸಹಾಯವಾಣಿ ನಂಬರುಗಳನ್ನು ಹಾಸ್ಟೆಲಿನಲ್ಲಿ, ಕ್ಲಾಸಿನಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಬೇಕು. ಪ್ರಿನ್ಸಿಪಾಲರ ಹತ್ತಿರ ಜಗಳ ಮಾಡದೆ, ಈ ಮೂರನ್ನು ಒಂದು ಪತ್ರದಲ್ಲಿ ಬರೆದು ಕೊಡಿ, ನಾಲ್ಕು ಜನ ಸೇರಿ ಸಹಿ ಹಾಕಿ.

ಅಲ್ಲಿಯವರೆಗೆ ಟೆಲಿ ಮಾನಸ್ ಇದೆ. 10 ಅಕ್ಟೋಬರ್ 2022ರಂದು ಕೇಂದ್ರ ಸರ್ಕಾರ ಶುರು ಮಾಡಿದ್ದು. ಇದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸೇ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಇಲ್ಲ, ರಾತ್ರಿಯೂ ಇರುತ್ತದೆ. ನಾನು 14416 ಅನ್ನು ಬೋರ್ಡಿನ ಬಲಮೂಲೆಯಲ್ಲಿ ಬರೆದು, ಒಂದು ದಿನ ಎಲ್ಲರ ಹತ್ತಿರವೂ ಮೊಬೈಲಿನಲ್ಲಿ ಸೇವ್ ಮಾಡಿಸಿದೆ. ಎಲ್ಲರೂ ಮಾಡಿಕೊಂಡರೆ ಬೇಕಾದವರು ನಾಚಿಕೊಳ್ಳಬೇಕಿಲ್ಲ.

ಕಲಿಕೆಯ ತೊಂದರೆ ಇರುವ ಮಕ್ಕಳ ವಿಷಯ?

ಡಿಸ್‌ಲೆಕ್ಸಿಯಾದಂತಹ ಕಲಿಕೆಯ ತೊಂದರೆ, ಆಟಿಸಂ, ಮಾನಸಿಕ ಕಾಯಿಲೆ ಮೂರೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲಿ ಸೇರಿವೆ. ಪ್ರಮಾಣಪತ್ರ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯಲು ಸಹಾಯಕರು ಸಿಗುತ್ತಾರೆ. ಪರೀಕ್ಷೆ ಹತ್ತಿರ ಬಂದಾಗ ಓಡಾಡಿದರೆ ಆಗುವುದಿಲ್ಲ, ಜೂನ್‌ನಲ್ಲೇ ಶುರು ಮಾಡಿ.

ಇಷ್ಟೆಲ್ಲ ಮೆತ್ತಗಾದರೆ ಶಿಸ್ತು ಉಳಿಯುತ್ತಾ?

ನನ್ನ ಕ್ಲಾಸಿಗೆ ತಡವಾಗಿ ಬಂದರೆ ನಾನು ಕೇಳುತ್ತೇನೆ. ಅಸೈನ್‌ಮೆಂಟ್ ಕಾಪಿ ಹೊಡೆದರೆ ಮತ್ತೆ ಬರೆಸುತ್ತೇನೆ. ನಿಯಮ ಎಲ್ಲರಿಗೂ ಒಂದೇ ಇದ್ದರೆ, ಮೊದಲೇ ಹೇಳಿದ್ದರೆ, ಮಕ್ಕಳಿಗೆ ಅದರಿಂದ ನೆಮ್ಮದಿಯೇ ಸಿಗುತ್ತದೆ. ಅವರಿಗೆ ಕಷ್ಟ ಆಗುವುದು ಇವತ್ತು ನಕ್ಕು ನಾಳೆ ಸಿಡಿಯುವ ಮೇಷ್ಟ್ರಿಂದ.

ಸೀನಿಯರ್‌ಗಳನ್ನು ಇದರಲ್ಲಿ ಹೇಗೆ ಸೇರಿಸೋದು?

ಮೂರನೇ ವರ್ಷದವರ ಹತ್ತಿರ ಒಂದೊಂದು ಪುಟ ಬರೆಸುತ್ತೇನೆ: ‘ಮೊದಲ ಸೆಮಿಸ್ಟರಿನಲ್ಲಿ ನನಗೆ ಏನು ಕಷ್ಟ ಆಯಿತು, ಯಾವಾಗ ಸರಿ ಹೋಯಿತು.’ ಹೆಸರು ಬೇಡ, ಊರು ಸಾಕು. ಆಗಸ್ಟ್‌ನಲ್ಲಿ ಹೊಸಬರಿಗೆ ಓದಲು ಕೊಡುತ್ತೇನೆ. ‘ಮೆಜೆಸ್ಟಿಕ್‌ನಲ್ಲಿ ಯಾವ ಬಸ್ ಹತ್ತಬೇಕು ಗೊತ್ತಾಗದೆ ಅತ್ತಿದ್ದೆ’, ‘ಕ್ಯಾಂಟೀನಿನಲ್ಲಿ ಒಬ್ಬನೇ ತಿನ್ನಲು ನಾಚಿಕೆಯಾಗಿ ಎರಡು ತಿಂಗಳು ಮಧ್ಯಾಹ್ನ ಊಟ ಬಿಟ್ಟಿದ್ದೆ’, ಇಂಥವೇ ಸಾಲುಗಳು. ಓದುವಾಗ ಕ್ಲಾಸು ಗಪ್‌ಚಿಪ್. ಆಮೇಲೆ ಹೊಸಬರು ಮುಂದಿನ ವರ್ಷದವರಿಗಾಗಿ ನಾಲ್ಕು ಸಾಲು ಬರೆಯುತ್ತಾರೆ.

ಬರೆಸುವಾಗ ‘ಕೊನೆಗೆ ಎಲ್ಲ ಸುಖವಾಯಿತು’ ಅಂತ ಮುಗಿಸಲೇಬೇಕು ಅಂತ ಒತ್ತಾಯ ಮಾಡಬೇಡಿ. ಪೂರ್ತಿ ಸರಿ ಹೋಗದವರದ್ದೂ ಇರಲಿ. ಅದನ್ನು ಓದಿ ‘ನನ್ನದೂ ಹೀಗೇ’ ಅಂತ ಬಂದು ಹೇಳಿದವರಿದ್ದಾರೆ.

ಮೇಷ್ಟ್ರುಗಳ ಮನಸ್ಸನ್ನು ಯಾರು ನೋಡ್ತಾರೆ?

ಈ ಪ್ರಶ್ನೆ ಕೇಳುವವರು ಹೆಚ್ಚಾಗಿ ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ ಗೊತ್ತಿಲ್ಲದೆ, ಸಂಬಳ ಯಾವಾಗ ಬರುತ್ತದೆ ಅಂತ ನೋಡುತ್ತಾ, ಎರಡು ಕಾಲೇಜಿನ ನಡುವೆ ಬಸ್ಸಿನಲ್ಲಿ ಓಡಾಡುತ್ತಾ ಇರುವವರಿಗೆ ಮಕ್ಕಳ ಮನಸ್ಸು ನೋಡಿ ಅನ್ನುವುದು ಎಷ್ಟು ಸರಿ ಅಂತ ನನಗೂ ಅನ್ನಿಸುತ್ತದೆ. ಅವರ ಕೆಲಸಕ್ಕೆ ಭದ್ರತೆ ಕೊಡದೆ ಬರೀ ತರಬೇತಿ ಕೊಟ್ಟು ಕೈ ತೊಳೆದುಕೊಳ್ಳಲು ಆಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ನಮ್ಮ ವಿಭಾಗದಲ್ಲಿ ಒಂದು ಸಣ್ಣ ಏರ್ಪಾಡು ಮಾಡಿಕೊಂಡಿದ್ದೇವೆ. ಯಾರಾದರೂ ಮಗುವಿನ ಜೊತೆ ಕಷ್ಟದ ಮಾತಾಡಿ ಬಂದರೆ, ಅವತ್ತಿನ ಅವರ ಮುಂದಿನ ಕ್ಲಾಸು ಇನ್ನೊಬ್ಬರು ತೆಗೆದುಕೊಳ್ಳುತ್ತಾರೆ. ಕಾರಣ ಕೇಳುವುದಿಲ್ಲ. ನನಗೆ ಆ ಹುಡುಗಿಯ ಜೊತೆ ಮಾತಾಡಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ಹನ್ನೊಂದೂವರೆಗೆ ಅಡುಗೆಮನೆಯಲ್ಲಿ ಕೂತು ನಾನೇ 14416ಕ್ಕೆ ಫೋನ್ ಮಾಡಿದೆ. ಆ ಕಡೆ ಇದ್ದವರು ಕನ್ನಡದಲ್ಲಿ, ‘ಹೇಳಿ ಮೇಡಂ, ಅವಸರ ಇಲ್ಲ’ ಅಂದರು. ಇಪ್ಪತ್ತು ನಿಮಿಷ ಮಾತಾಡಿದೆ.